ನಕ್ಷತ್ರ ಯಂತ್ರಕ್ಕೆ; ಜೋಡಿಸಿದ ಕೆಲಸಕ್ಕೆ?

ಬೇಸಿಗೆ ಬಂತೆಂದರೆ ದಾವಣಗೆರೆಯ ಬಟ್ಟೆ ಅಂಗಡಿ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಎ.ಸಿ. ಯಂತ್ರಗಳಿಗೆ ಬಿಡುವಿಲ್ಲದ ದುಡಿಮೆ. ಹಿಂದೆ ದೊಡ್ಡ ಸಿರಿವಂತಿಕೆಯ ಗುರುತಾಗಿದ್ದ ಈ ಯಂತ್ರ ಈಗ ಹರಿಹರದ ಔಷಧಿ ಅಂಗಡಿಯಲ್ಲೂ ಕಾಣಸಿಗುತ್ತದೆ. ಕೊಳ್ಳುವವರು ಮೊದಲು ನೋಡುವುದು ಅದರ ಮೇಲಿನ ನಕ್ಷತ್ರಗಳನ್ನು. ಐದು ನಕ್ಷತ್ರವಿದ್ದರೆ ಕರೆಂಟ್ ಬಿಲ್ ಕಡಿಮೆ ಎಂಬ ನಂಬಿಕೆ. ಆದರೆ ಐದು ನಕ್ಷತ್ರದ ಯಂತ್ರವೂ ಕೆಲವೊಮ್ಮೆ ಮೂರು ನಕ್ಷತ್ರದ ಯಂತ್ರದಷ್ಟೇ ವಿದ್ಯುತ್ ನುಂಗುವುದುಂಟು. ಏಕೆ?

ಉತ್ತರ ಸರಳ. ನಕ್ಷತ್ರ ದೊರೆಯುವುದು ಪ್ರಯೋಗಾಲಯದಲ್ಲಿ. ಬಿಲ್ ಬರುವುದು ಅಂಗಡಿಯಲ್ಲಿ. ಇವೆರಡರ ನಡುವೆ ಇರುವುದು ಯಂತ್ರವನ್ನು ಗೋಡೆಗೆ ಜೋಡಿಸುವ ಮೆಕ್ಯಾನಿಕ್‌ನ ಕೈ.

ಕಾನೂನು ಏನನ್ನು ನೋಡುತ್ತದೆ?

ನಮ್ಮ ದೇಶದಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಂತೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. 2006ರಲ್ಲಿ ನಕ್ಷತ್ರ ಚೀಟಿಯ ಯೋಜನೆ ಆರಂಭವಾಗಿ, 2010ರಿಂದ ಕೋಣೆಯ ಎ.ಸಿ.ಗಳಿಗೆ ಅದು ಕಡ್ಡಾಯವಾಯಿತು. 2020ರ ಜನವರಿಯಿಂದ ಇಂತಹ ಯಂತ್ರಗಳು ಚಾಲೂ ಆದಾಗ ತಾವಾಗಿಯೇ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮವೂ ಜಾರಿಗೆ ಬಂತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೋದ ಅಂದಾಜು.

ಈ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಗೊತ್ತುಪಡಿಸಿದ ಸಂಸ್ಥೆ ಪರಿವೀಕ್ಷಣಾಧಿಕಾರಿಗಳನ್ನು ನೇಮಿಸಬಹುದು. ಕರ್ನಾಟಕದಲ್ಲಿ ಕಾಯ್ದೆಯ ಹೊಣೆ ಹೊತ್ತಿರುವ ಸಂಸ್ಥೆ ಕ್ರೆಡಲ್. ಆದರೆ ಪರಿವೀಕ್ಷಣೆಯ ದೃಷ್ಟಿ ಇರುವುದು ಯಂತ್ರ, ಅದರ ಚೀಟಿ ಮತ್ತು ದೊಡ್ಡ ಕಟ್ಟಡಗಳ ಮೇಲೆ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಕಟ್ಟಡಗಳ ಇಂಧನ ಸಂಹಿತೆ ಕೊಳವೆಗಳ ಹೊದಿಕೆ, ಗಾಳಿಯ ಹಂಚಿಕೆ ಮುಂತಾದವನ್ನೂ ವಿಧಿಸುತ್ತದೆ. ಆದರೆ ಅದು ಅನ್ವಯಿಸುವುದು 100 ಕಿಲೊವ್ಯಾಟ್ ಸಂಪರ್ಕಿತ ಲೋಡ್ ಅಥವಾ 120 ಕೆ.ವಿ.ಎ. ಬೇಡಿಕೆ ಇರುವ ವಾಣಿಜ್ಯ ಕಟ್ಟಡಗಳಿಗೆ. ಈ ಮಿತಿಯನ್ನು ಇಳಿಸುವ ಅವಕಾಶವನ್ನು 2022ರ ತಿದ್ದುಪಡಿ ರಾಜ್ಯಗಳಿಗೆ ನೀಡಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಬಟ್ಟೆ ಅಂಗಡಿಯೊಂದರಲ್ಲಿ 2 ಟನ್ನಿನ ಆರು ಎ.ಸಿ.ಗಳಿವೆ ಎನ್ನಿ. ಒಂದೊಂದೂ ಸುಮಾರು 7 ಕಿಲೊವ್ಯಾಟ್ ಶಾಖವನ್ನು ಹೊರಹಾಕಲು ಸುಮಾರು 2 ಕಿಲೊವ್ಯಾಟ್ ವಿದ್ಯುತ್ ಬಳಸುತ್ತದೆ. ಆರಕ್ಕೂ ಸೇರಿ 12 ಕಿಲೊವ್ಯಾಟ್. ದೀಪ, ಫ್ಯಾನ್ ಕೂಡಿಸಿದರೂ ನೂರರ ಹತ್ತಿರ ಸುಳಿಯುವುದಿಲ್ಲ. ಅಂದರೆ ಊರಿನ ಬಹುಪಾಲು ಅಂಗಡಿಗಳು ಸಂಹಿತೆಯ ಹೊರಗೇ ಉಳಿಯುತ್ತವೆ.

ಇನ್ನೂ ಒಂದು ವಿಚಿತ್ರವಿದೆ. ಯಂತ್ರಕ್ಕೆ ವಿದ್ಯುತ್ ತಂತಿ ಎಳೆಯುವವನಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಅದೇ ಯಂತ್ರದ ಗ್ಯಾಸ್ ಕೊಳವೆ ಬೆಸೆಯುವವನಿಗೆ ಅಂತಹ ಕಡ್ಡಾಯ ಪರವಾನಗಿ ಇಲ್ಲ.

ತಪ್ಪುವುದೆಲ್ಲಿ?

ತಾಮ್ರದ ಕೊಳವೆ ಜೋಡಿಸಿದ ಮೇಲೆ ಸಾರಜನಕ ತುಂಬಿ ಸೋರಿಕೆ ಇದೆಯೇ ಎಂದು ನೋಡಬೇಕು. ಬಳಿಕ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವವನ್ನು ತೆಗೆಯಬೇಕು. ಆತುರದಲ್ಲಿರುವವರು ಇದನ್ನು ಬಿಟ್ಟು ಗ್ಯಾಸನ್ನೇ ಹಾಯಿಸಿ ಗಾಳಿಯನ್ನು ಹೊರದೂಡುತ್ತಾರೆ. ಉಳಿದ ತೇವ ಕಂಪ್ರೆಸರಿನ ಆಯುಷ್ಯ ತಿನ್ನುತ್ತದೆ. ಗ್ಯಾಸ್ ತೂಕ ತಪ್ಪಿದರೆ ತಂಪಿಗಾಗಿ ಯಂತ್ರ ಹೆಚ್ಚು ಹೊತ್ತು ಓಡುತ್ತದೆ. ಹೊರಘಟಕವನ್ನು ಇಕ್ಕಟ್ಟಾದ ಸಂದಿಯಲ್ಲಿಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ.

ಒಂದು ಎ.ಸಿ. ಸರಾಸರಿ 1.5 ಕಿಲೊವ್ಯಾಟಿನಂತೆ ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 4,500 ಯೂನಿಟ್. ಕೆಟ್ಟ ಜೋಡಣೆಯಿಂದ ಹತ್ತನೆಯ ಒಂದು ಪಾಲು ಹೆಚ್ಚು ಖರ್ಚಾದರೂ 450 ಯೂನಿಟ್. ಆರು ಯಂತ್ರಗಳಿಗೆ 2,700 ಯೂನಿಟ್. ಯಂತ್ರದ ಜೀವಮಾನವಿಡೀ ಈ ದಂಡ ತೆರಬೇಕು. ಹೊಸ ಯಂತ್ರಗಳಲ್ಲಿನ ಆರ್-32 ಸ್ವಲ್ಪ ಮಟ್ಟಿಗೆ, ಆರ್-290 ಬಹಳ ಮಟ್ಟಿಗೆ ಹೊತ್ತಿಕೊಳ್ಳುವ ಅನಿಲಗಳು. ಆದ್ದರಿಂದ ಇದು ಬರೀ ಬಿಲ್ಲಿನ ಮಾತಲ್ಲ, ಪ್ರಾಣದ ಮಾತೂ ಹೌದು.

ಐರೋಪ್ಯ ಒಕ್ಕೂಟ 2002ರಲ್ಲೇ 12 ಕಿಲೊವ್ಯಾಟಿಗೆ ಮೇಲ್ಪಟ್ಟ ಎ.ಸಿ. ವ್ಯವಸ್ಥೆಗಳ ನಿಯತ ತಪಾಸಣೆಯನ್ನು ಕಡ್ಡಾಯ ಮಾಡಿತು. 2018ರಲ್ಲಿ ಆ ಮಿತಿಯನ್ನು 70 ಕಿಲೊವ್ಯಾಟಿಗೆ ಏರಿಸಿತು. ಅಲ್ಲಿ ಗ್ಯಾಸ್ ಕೆಲಸ ಮಾಡುವವರಿಗೆ ಪ್ರಮಾಣಪತ್ರವೂ ಬೇಕು. ಭಾರತದ ತಂಪುಗೊಳಿಸುವಿಕೆಯ ಕ್ರಿಯಾಯೋಜನೆ 2019ರಲ್ಲಿ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡಿತು. ದಿಕ್ಕು ಸ್ಪಷ್ಟವಾಗಿದೆ.

ಹರಿಹರದ ಪಾಠ

ಈ ಶಿಸ್ತು ನಮ್ಮ ಕಡೆಯವರಿಗೆ ಹೊಸದೇನಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಈಗಿಲ್ಲ. ಆದರೆ ಲೇತ್ ಕಸುಬು ಬಲ್ಲವರಿಗೆ ಒಂದು ಮಾತು ಗೊತ್ತು: ಕಾರ್ಖಾನೆಯಲ್ಲಿ ಎಷ್ಟೇ ನಿಖರವಾಗಿದ್ದರೂ, ಕೊಂಡವನ ನೆಲದ ಮೇಲೆ ಮಟ್ಟ ನೋಡಿ ಕೂರಿಸಿ, ಮತ್ತೆ ಅಳೆದು ಪಟ್ಟಿಯಲ್ಲಿ ಬರೆಯುವವರೆಗೆ ಕೆಲಸ ಮುಗಿದಂತಲ್ಲ. ಎ.ಸಿ.ಗೂ ಇದೇ ನ್ಯಾಯ ಬೇಕು.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಅಂಗಡಿಯ ಮಾಲೀಕರು ಹಣ ಕೊಡುವ ಮೊದಲು ಒಂದು ಹಾಳೆ ಕೇಳಬಹುದು: ಸೋರಿಕೆ ಪರೀಕ್ಷೆ ಆಯಿತೇ, ವ್ಯಾಕ್ಯೂಮ್ ಎಷ್ಟು ಹಿಡಿಯಿತು, ಗ್ಯಾಸ್ ಎಷ್ಟು ಗ್ರಾಂ, ಒಳಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣತೆ ಎಷ್ಟು, ಕರೆಂಟ್ ಎಷ್ಟು ಆಂಪಿಯರ್. ಹತ್ತನೇ ತರಗತಿಯ ವಿದ್ಯಾರ್ಥಿಯೂ ಒಂದು ಉಷ್ಣಮಾಪಕ, ಗಡಿಯಾರ ಮತ್ತು ಮೀಟರ್ ರೀಡಿಂಗ್ ಹಿಡಿದು ಪರಿಚಿತರ ಅಂಗಡಿಯಲ್ಲಿ ಇದರ ಒಂದು ಭಾಗವನ್ನು ಅಳೆಯಬಹುದು. ಶೋಧಕ ಜಾಲರಿ ತೊಳೆಯುವ ಮೊದಲು ಒಮ್ಮೆ, ನಂತರ ಒಮ್ಮೆ ಅಳೆದರೆ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ವಿಷಯವಾದೀತು.

ಎಸ್ಸೆಸ್ಸೆಲ್ಸಿ ನಂತರ ಐ.ಟಿ.ಐ.ಗಳಲ್ಲಿ ಶೀತಲೀಕರಣ ಮತ್ತು ಹವಾನಿಯಂತ್ರಣದ ಎರಡು ವರ್ಷದ ತರಬೇತಿ ಇದೆ. ಡಿಪ್ಲೊಮಾ ಇಲ್ಲವೆ ಬಿ.ಇ. ಮುಗಿಸಿದವರು ಕೆಲವು ವರ್ಷ ಅನುಭವ ಪಡೆದು ಬ್ಯೂರೋದ ಇಂಧನ ಪರಿಶೋಧಕ ಪರೀಕ್ಷೆಗೆ ಕೂರಬಹುದು. ಮಗ ಸ್ಪ್ಯಾನರ್ ಹಿಡಿಯುತ್ತಾನೆಂದು ಕೊರಗುವ ಪಾಲಕರು ಒಂದನ್ನು ಗಮನಿಸಬೇಕು. ಸ್ಪ್ಯಾನರ್ ಹಿಡಿದವರು ಬೇಕಾದಷ್ಟಿದ್ದಾರೆ. ಸ್ಪ್ಯಾನರ್ ಜೊತೆಗೆ ಅಳತೆಯನ್ನೂ ಹಿಡಿದು, ಆ ಹಾಳೆಯ ಕೆಳಗೆ ಧೈರ್ಯವಾಗಿ ಸಹಿ ಹಾಕಬಲ್ಲವರು ಕಡಿಮೆ. ನಾಳೆ ತಪಾಸಣೆಯ ನಿಯಮ ಬಂದಾಗ ಮೊದಲು ಹುಡುಕುವುದು ಅಂಥವರನ್ನೇ.