ಹಳೆ ಸಿಎನ್‌ಜಿ ಗೂಡ್ಸ್ ಗಾಡಿ ಕೊಳ್ಳಬಹುದೇ? ಫಾರ್ವರ್ಡ್ ಹೇಳದ ಮೂರು ವಿಷಯಗಳು

ತುಮಕೂರಿನಲ್ಲಿ ತರಕಾರಿ ಸಾಗಿಸುವ ಓದುಗರೊಬ್ಬರು ನಮಗೆ ಒಂದು ಪ್ರಶ್ನೆ ಕಳಿಸಿದ್ದಾರೆ. ಈವರೆಗೆ ಬಾಡಿಗೆ ಗಾಡಿಯಲ್ಲಿ ದುಡಿದಿದ್ದಾರೆ. ಈಗ ಕೂಡಿಟ್ಟ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ, ಆರು ವರ್ಷ ಓಡಿದ ಸಿಎನ್‌ಜಿ ಮಿನಿ ಗೂಡ್ಸ್ ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದಾರೆ. ಬ್ರೋಕರ್ ಹೇಳಿದ್ದು: "ಅಣ್ಣಾ, ಪೆಟ್ರೋಲ್ ಗಾಡಿಗಿಂತ ಡಬಲ್ ಮೈಲೇಜ್, ಕಣ್ಣು ಮುಚ್ಕೊಂಡು ತಗೊಳ್ಳಿ." ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದಿದ್ದು: "ಸಿಎನ್‌ಜಿ ಗಾಡಿ ಎಂದರೆ ನಡೆದಾಡುವ ಬಾಂಬ್, ಬಿಸಿಲಿಗೆ ಸಿಡಿಯುತ್ತದೆ, ಎಲ್ಲರಿಗೂ ತಿಳಿಸಿ." ಯಾರ ಮಾತು ನಂಬಬೇಕು ಎಂಬುದು ಅವರ ಪ್ರಶ್ನೆ.

ನಮ್ಮ ಉತ್ತರ: ಎರಡೂ ಮಾತು ಅರ್ಧ ಸತ್ಯ. ಗಾಡಿ ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಬೇರೆಯೇ ಮೂರು ವಿಷಯ: ಸಿಲಿಂಡರ್‌ನ ಪರೀಕ್ಷೆಯ ದಿನಾಂಕ, ಆರ್‌ಸಿಯಲ್ಲಿ ಬರೆದಿರುವುದು, ಮತ್ತು ನೀವು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂಬುದು. ಒಂದೊಂದಾಗಿ ನೋಡೋಣ.

ಮೊದಲು: 'ಗ್ಯಾಸ್ ಗಾಡಿ' ಎಂದರೆ ಯಾವ ಗ್ಯಾಸ್?

ನಾವು ಮಾತಿನಲ್ಲಿ ಎಲ್ಲವನ್ನೂ 'ಗ್ಯಾಸ್ ಗಾಡಿ' ಎನ್ನುತ್ತೇವೆ. ಆದರೆ ಎಲ್‌ಪಿಜಿ ಬೇರೆ, ಸಿಎನ್‌ಜಿ ಬೇರೆ. ಅಡುಗೆ ಮನೆಗೆ ಬರುವುದು ಎಲ್‌ಪಿಜಿ. ಅದರಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇದು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಬೆಂಗಳೂರಿನ ಬಹಳಷ್ಟು ಆಟೊಗಳು ಓಡುವುದು ವಾಹನಗಳಿಗೆಂದೇ ಬಂಕಿನಲ್ಲಿ ಮಾರುವ ಆಟೊ ಎಲ್‌ಪಿಜಿಯಲ್ಲಿ.

ಸಿಎನ್‌ಜಿಯಲ್ಲಿರುವುದು ಹೆಚ್ಚಾಗಿ ಮೀಥೇನ್. ಇದು ಗಾಳಿಗಿಂತ ಹಗುರ, ಹೆಚ್ಚುಕಡಿಮೆ ಅರ್ಧದಷ್ಟು ತೂಕ. ಬಯಲಿನಲ್ಲಿ ಸೋರಿದರೆ ಮೇಲಕ್ಕೆ ಹೋಗಿ ಚದುರುತ್ತದೆ. ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ, ಅದಕ್ಕಿಂತ ಕಡಿಮೆ ಇದ್ದರೂ ಹೆಚ್ಚಿದ್ದರೂ ಇಲ್ಲ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಸೋರಿದರೆ ಸೂರಿನ ಕೆಳಗೆ ಸೇರಿಕೊಳ್ಳಬಹುದು, ಅಲ್ಲಿ ಎಚ್ಚರಿಕೆ ಬೇಕೇ ಬೇಕು.

ಮನೆಯ ಸಿಲಿಂಡರ್‌ನಿಂದ ವ್ಯಾನಿಗೆ ಗ್ಯಾಸ್ ತುಂಬಿಸುವುದು ಕಾನೂನಿಗೆ ವಿರುದ್ಧ, ಅಪಾಯಕಾರಿ ಕೂಡ. 'ಗ್ಯಾಸ್ ಗಾಡಿಗೆ ಬೆಂಕಿ' ಎಂಬ ಸುದ್ದಿ ಓದಿದಾಗ ಅದು ಯಾವ ಗ್ಯಾಸ್, ಕಂಪನಿಯೇ ಕೂರಿಸಿದ ಕಿಟ್ಟೋ ಕದ್ದುಮುಚ್ಚಿ ಹಾಕಿಸಿದ್ದೋ ಎಂದು ಕೇಳಿ. ಫಾರ್ವರ್ಡ್ ಮಾಡುವವರು ಇದನ್ನು ಕೇಳುವುದಿಲ್ಲ.

ಬಿಸಿಲಿಗೆ ಸಿಡಿಯುತ್ತದೆಯೇ?

ಬೇಸಿಗೆ ಬಂದಾಗಲೆಲ್ಲ ಒಂದು ಸಂದೇಶ ಸುತ್ತುತ್ತದೆ: ಟ್ಯಾಂಕ್ ಪೂರ್ತಿ ತುಂಬಿಸಬೇಡಿ, ಅರ್ಧ ಮಾತ್ರ ತುಂಬಿಸಿ, ಇಂಡಿಯನ್ ಆಯಿಲ್ ಎಚ್ಚರಿಕೆ ಕೊಟ್ಟಿದೆ ಎಂದು. ಪೆಟ್ರೋಲ್ ಕುರಿತ ಈ ಸಂದೇಶ ತನ್ನದಲ್ಲ ಎಂದು ಇಂಡಿಯನ್ ಆಯಿಲ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. ಅದೇ ಮಾತು ಈಗ ಸಿಎನ್‌ಜಿಗೂ ಅಂಟಿಕೊಂಡಿದೆ.

ಲೆಕ್ಕ ಹೀಗಿದೆ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು. ಸಿಎನ್‌ಜಿ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್. ಸಂಖ್ಯೆ ಕೇಳಿದರೆ ಹೆದರಿಕೆಯಾಗುವುದು ಸಹಜ. ಆದರೆ ಈ 200 ಬಾರ್ ಎನ್ನುವುದು 15 ಡಿಗ್ರಿ ಸೆಲ್ಸಿಯಸ್‌ಗೆ ಹಾಕಿದ ಲೆಕ್ಕ. ಸಿಲಿಂಡರ್ ಒಳಗಿನ ಗ್ಯಾಸ್ 50 ಡಿಗ್ರಿಗೆ ಕಾದರೆ ಒತ್ತಡ ಸುಮಾರು ಕಾಲು ಭಾಗ ಏರಿ 250 ಬಾರ್ ಆಸುಪಾಸಿಗೆ ಬರಬಹುದು. ಸಿಲಿಂಡರ್ ಪರೀಕ್ಷೆಯಲ್ಲಿ ಅದಕ್ಕೆ ಕೊಡುವ ಒತ್ತಡ ಸುಮಾರು 334 ಬಾರ್. ಅಂದರೆ ನಮ್ಮ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸಿಲಿಂಡರ್ ಮಾಡಿರುತ್ತಾರೆ. ಜೊತೆಗೆ, ಬೆಂಕಿ ಬಿದ್ದರೆ ಸಿಲಿಂಡರ್ ಒಡೆಯುವ ಮೊದಲೇ ಗ್ಯಾಸನ್ನು ಹೊರಬಿಡುವ ಸುರಕ್ಷತಾ ಸಾಧನ ವಾಲ್ವ್‌ನಲ್ಲಿರುತ್ತದೆ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಅದು ಬಿಸಿಲಿನಲ್ಲಿಲ್ಲ, ತುಕ್ಕಿನಲ್ಲಿದೆ. ಪಟ್ಟಿ ಬಿಗಿದ ಜಾಗದಲ್ಲಿ ನೀರು ನಿಂತು ಹಿಡಿದ ತುಕ್ಕು, ಅಪಘಾತದಲ್ಲಿ ಬಿದ್ದ ಪೆಟ್ಟು, ಯಾರೋ ಮಾಡಿದ ವೆಲ್ಡಿಂಗ್, ಪ್ರಮಾಣಪತ್ರವಿಲ್ಲದ ಅಗ್ಗದ ಸಿಲಿಂಡರ್ – ಸಿಲಿಂಡರ್ ಸೋಲುವುದು ಇಂಥ ಕಡೆ. ಹೊಸ ಗಾಡಿಯಲ್ಲಿ ಈ ಚಿಂತೆ ಕಡಿಮೆ. ಹಳೆ ಗಾಡಿಯಲ್ಲಿ ಇದೇ ಮುಖ್ಯ ಚಿಂತೆ.

ಒಂದನೆಯದು: ಸಿಲಿಂಡರ್‌ನ ದಿನಾಂಕ

ನಮ್ಮ ದೇಶದಲ್ಲಿ ವಾಹನದ ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಇದಕ್ಕೆ ಹೈಡ್ರೋ ಟೆಸ್ಟ್ ಎನ್ನುತ್ತಾರೆ. ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ 'ಪೆಸೊ' ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಒಪ್ಪಿಗೆ ಕೊಟ್ಟ ಕೇಂದ್ರದಲ್ಲೇ ಇದು ಆಗಬೇಕು.

ಅಲ್ಲಿ ಸಿಲಿಂಡರನ್ನು ಗಾಡಿಯಿಂದ ಬಿಚ್ಚಿ, ಒಳಗೆ ಹೊರಗೆ ನೋಡಿ, ನೀರು ತುಂಬಿಸಿ ಒತ್ತಡ ಏರಿಸುತ್ತಾರೆ. ಒತ್ತಡ ಇಳಿಸಿದ ಮೇಲೆ ಉಕ್ಕು ತನ್ನ ಮೊದಲಿನ ಅಳತೆಗೆ ಮರಳಬೇಕು. ಮಿತಿ ಮೀರಿ ಹಿಗ್ಗಿದ ಹಾಗೇ ಉಳಿದರೆ ಸಿಲಿಂಡರ್ ಫೇಲ್. ಗಾಳಿಯ ಬದಲು ನೀರನ್ನೇಕೆ ಬಳಸುತ್ತಾರೆಂದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪರೀಕ್ಷೆಯಲ್ಲಿ ಸಿಲಿಂಡರ್ ಬಿರಿದರೂ ಸ್ಫೋಟವಾಗುವುದಿಲ್ಲ.

ಆರು ವರ್ಷದ ಗಾಡಿ ಎಂದರೆ ಎರಡನೇ ಪರೀಕ್ಷೆಯ ಗಡುವೂ ಬಂದಿದೆ ಎಂದರ್ಥ. ಮಾಲೀಕರ ಬಳಿ ಸರ್ಟಿಫಿಕೇಟ್ ಕೇಳಿ. ಅದರಲ್ಲಿರುವ ಸಿಲಿಂಡರ್ ನಂಬರ್, ಸಿಲಿಂಡರ್ ಮೇಲೆ ಕೊರೆದಿರುವ ನಂಬರ್, ಗಾಡಿಯಲ್ಲಿ ಹಾಕಿರುವ ಲೋಹದ ಪ್ಲೇಟಿನ ನಂಬರ್ – ಮೂರೂ ಒಂದೇ ಇರಬೇಕು. ಸಿಲಿಂಡರ್ ಮೇಲೆ ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ 'ಚೆನ್ನಾಗಿ ಇಟ್ಟುಕೊಂಡಿದ್ದಾರೆ' ಎಂದುಕೊಳ್ಳಬೇಡಿ. ಏನನ್ನು ಮುಚ್ಚಲು ಬಳಿದಿದ್ದಾರೆ ಎಂದು ಕೇಳಿ.

ಸೋರಿಕೆ ನೋಡಲು ಸೋಪಿನ ನೊರೆ ಸಾಕು. ಪೈಪಿನ ಜೋಡಣೆಗಳ ಮೇಲೆ ಹಚ್ಚಿದಾಗ ಗುಳ್ಳೆ ಬಂದರೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು: ಆರ್‌ಸಿ ಏನು ಹೇಳುತ್ತದೆ?

ಗಾಡಿಯ ನಂಬರ್ ಇದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ಹಲವು ವಿವರ ಸಿಗುತ್ತವೆ: ಇಂಧನ ಯಾವುದು, ಎಫ್‌ಸಿ ಯಾವಾಗ ಮುಗಿಯುತ್ತದೆ, ವಿಮೆ ಇದೆಯೇ ಎಂದು. ಮುಂಗಡ ಕೊಡುವ ಮೊದಲು ಐದು ನಿಮಿಷ ಇದಕ್ಕೆ ಕೊಡಿ.

ಇಂಧನದ ಜಾಗದಲ್ಲಿ ಸಿಎನ್‌ಜಿ ಅಥವಾ ಪೆಟ್ರೋಲ್/ಸಿಎನ್‌ಜಿ ಎಂದಿರಬೇಕು. ಬರೀ ಪೆಟ್ರೋಲ್ ಎಂದಿದ್ದು ಗಾಡಿಯಲ್ಲಿ ಸಿಎನ್‌ಜಿ ಕಿಟ್ ಇದ್ದರೆ, ಹೊರಗೆ ಹಾಕಿಸಿದ್ದನ್ನು ಆರ್‌ಟಿಒದಲ್ಲಿ ದಾಖಲಿಸಿಲ್ಲ ಎಂದರ್ಥ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಆರ್‌ಸಿಗೆ ಸೇರಬೇಕು. ವಿಮೆ ಪಾಲಿಸಿಯಲ್ಲೂ ಕಿಟ್ ನಮೂದಾಗಿರಬೇಕು. ಇಲ್ಲದಿದ್ದರೆ ನಾಳೆ ಬೆಂಕಿ ಬಿದ್ದಾಗ ಕ್ಲೈಮ್‌ಗೆ ತಕರಾರು ಬರುತ್ತದೆ. ದುಡಿದು ತಿನ್ನುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನೂ ಕೆಲವನ್ನು ನೋಡಬೇಕು:

– ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಆರು ವರ್ಷದ ಗಾಡಿ ಕೊಂಡರೆ ಇನ್ನೆರಡು ವರ್ಷಕ್ಕೆ ಆ ಖರ್ಚು ವರ್ಷ ವರ್ಷ ಬರುತ್ತದೆ.
– ಗಾಡಿ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. 'ಸಾಲ ತೀರಿದೆ, ಪೇಪರ್ ಆಮೇಲೆ ಕೊಡ್ತೀನಿ' ಎಂಬ ಮಾತಿಗೆ ಹಣ ಕೊಡಬೇಡಿ.
– ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕರೆ, ಅಲ್ಲಿನ ಆರ್‌ಟಿಒ ಎನ್‌ಒಸಿ ಮತ್ತು ಕರ್ನಾಟಕದ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಮಾಲೀಕರು ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಡುತ್ತಾರೆ, ಕೊಂಡವರು ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ. ಕಾನೂನಿನ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ವರ್ಗಾವಣೆ ಆಗದಿದ್ದರೆ, ಅಪಘಾತದ ಪರಿಹಾರ ಕೊಡುವ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದವರಿಗೆ ಇದು ತಲೆನೋವು. ಕೊಂಡವರಿಗೂ ಅಷ್ಟೇ: ಹಣ ಕೊಟ್ಟಿದ್ದರೂ ದಾಖಲೆಯಲ್ಲಿ ಗಾಡಿ ಅವರದಲ್ಲ.

ಮೂರನೆಯದು: ನಿಮ್ಮ ಕಿಲೋಮೀಟರ್ ಲೆಕ್ಕ

ಈಗ ಬ್ರೋಕರ್ ಹೇಳಿದ 'ಡಬಲ್ ಮೈಲೇಜ್'. ಪೆಟ್ರೋಲನ್ನು ಲೀಟರ್‌ನಲ್ಲಿ ಅಳೆಯುತ್ತೇವೆ, ಸಿಎನ್‌ಜಿಯನ್ನು ಕಿಲೋದಲ್ಲಿ ತೂಗುತ್ತೇವೆ. ಒಂದು ಕಿಲೋ ಸಿಎನ್‌ಜಿಯಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇದೆ. ಹಾಗಾಗಿ ಮೈಲೇಜ್ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ನೋಡಬೇಕಾದದ್ದು ಮೈಲೇಜ್ ಅಲ್ಲ, ಒಂದು ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂಬುದು.

ಲೆಕ್ಕ ಹೇಗೆಂದು ತೋರಿಸಲು ಒಂದು ಉದಾಹರಣೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಗಾಡಿ 16 ಕಿ.ಮೀ. ಕೊಡುತ್ತದೆ ಎನ್ನಿ. ಕಿಲೋಮೀಟರಿಗೆ 6.25 ರೂಪಾಯಿ. ಸಿಎನ್‌ಜಿ ಕಿಲೋಗೆ 90 ರೂಪಾಯಿ, 20 ಕಿ.ಮೀ. ಎನ್ನಿ. ಕಿಲೋಮೀಟರಿಗೆ 4.50 ರೂಪಾಯಿ. ಉಳಿತಾಯ 1.75 ರೂಪಾಯಿ. ದಿನಕ್ಕೆ 60 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ 1500 ಕಿ.ಮೀ., ಉಳಿಯುವುದು 2625 ರೂಪಾಯಿ. ಅಂಥದೇ ಪೆಟ್ರೋಲ್ ಗಾಡಿಗಿಂತ ಸಿಎನ್‌ಜಿ ಗಾಡಿಗೆ 60,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ, ಅದು ವಾಪಸಾಗಲು ಸುಮಾರು 23 ತಿಂಗಳು. ದಿನಕ್ಕೆ ಬರೀ 20 ಕಿ.ಮೀ. ಓಡಿಸುವವರಿಗೆ ಉಳಿಯುವುದು ತಿಂಗಳಿಗೆ 875 ರೂಪಾಯಿ, ಹಣ ವಾಪಸಾಗಲು ಐದೂವರೆ ವರ್ಷಕ್ಕಿಂತ ಹೆಚ್ಚು. ಅಷ್ಟರಲ್ಲಿ ಗಾಡಿಯ ವಯಸ್ಸು ಹನ್ನೆರಡು ಸಮೀಪಿಸಿರುತ್ತದೆ. ನಿಮ್ಮೂರಿನ ಇಂದಿನ ದರ, ನಿಮ್ಮ ಓಡಾಟ ಹಾಕಿ ಇದೇ ಲೆಕ್ಕ ಮಾಡಿ.

ಬಂಕ್ ಎಷ್ಟು ದೂರ ಎನ್ನುವುದೂ ಲೆಕ್ಕಕ್ಕೆ ಸೇರಬೇಕು. 2013ರಲ್ಲಿ ದಾಭೋಲ್–ಬೆಂಗಳೂರು ಕೊಳವೆ ಮಾರ್ಗ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಸಿಎನ್‌ಜಿ ಹರಡಿದೆ ನಿಜ, ಆದರೆ ಎಲ್ಲ ಊರಿನಲ್ಲೂ ಪೆಟ್ರೋಲ್ ಬಂಕಿನಷ್ಟು ಹತ್ತಿರ ಇಲ್ಲ. 60 ಲೀಟರ್ ಸಿಲಿಂಡರ್‌ಗೆ ಹಿಡಿಯುವುದು ಸುಮಾರು 9 ಕಿಲೋ. ಮೇಲಿನ ಲೆಕ್ಕದಲ್ಲಿ ಮೂರು ದಿನಕ್ಕೊಮ್ಮೆ ತುಂಬಿಸಬೇಕು. ಪ್ರತಿ ಸಲ ಹೋಗಿ ಬರಲು 10 ಕಿ.ಮೀ., ಜೊತೆಗೆ ಕ್ಯೂ ಎಂದರೆ, ಉಳಿತಾಯದ ಒಂದು ಪಾಲು ಅಲ್ಲೇ ಕರಗುತ್ತದೆ. ಬೆಳಗಿನ ಮಾರುಕಟ್ಟೆ ತಪ್ಪಿದರೆ ಬಾಡಿಗೆಯೂ ಹೋಯಿತು.

ಪಿಕಪ್ ಕೂಡ ಯೋಚಿಸಿ. ಎರಡೂ ಇಂಧನದಲ್ಲಿ ಓಡುವ ಎಂಜಿನ್ ಸಿಎನ್‌ಜಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಡಿಮೆ ಕೊಡುತ್ತದೆ, ಏಕೆಂದರೆ ಎಂಜಿನ್ ಒಳಗೆ ಗಾಳಿಯ ಜಾಗವನ್ನು ಗ್ಯಾಸ್ ಸ್ವಲ್ಪ ಕಬಳಿಸುತ್ತದೆ. ಸಿಲಿಂಡರ್‌ನ ತೂಕ ಬೇರೆ. ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಲೋಡ್ ಹಾಕಿ ಘಾಟಿ ಹತ್ತುವವರಿಗೆ ಗೊತ್ತಾಗುತ್ತದೆ. ಅದಕ್ಕೇ ಖಾಲಿ ಗಾಡಿ ಓಡಿಸಿ ನೋಡಿ ಒಪ್ಪಿಕೊಳ್ಳಬೇಡಿ. ನಿಮ್ಮ ಮಾಮೂಲಿ ಲೋಡ್ ಹಾಕಿ, ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ. ಪೆಟ್ರೋಲ್ ಕೂಡ ಇರುವ ಗಾಡಿಯಾದರೆ ಎರಡರಲ್ಲೂ ಓಡಿಸಿ. ವರ್ಷಗಟ್ಟಲೆ ಬರೀ ಗ್ಯಾಸಿನಲ್ಲೇ ಓಡಿದ ಗಾಡಿಯಲ್ಲಿ ಪೆಟ್ರೋಲ್ ಪಂಪು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ಓದುಗರಿಗೆ ನಾವು ಹೇಳಿದ್ದು

ಅವರ ಓಡಾಟ ದಿನಕ್ಕೆ 70 ಕಿ.ಮೀ., ಬಂಕ್ ಇರುವುದು ಮಾರುಕಟ್ಟೆ ದಾರಿಯಲ್ಲೇ. ಕಿಲೋಮೀಟರ್ ಲೆಕ್ಕ ಅವರ ಪರ ಇದೆ. ಆರ್‌ಸಿ ಸರಿಯಿದೆ. ಆದರೆ ಸಿಲಿಂಡರ್‌ನ ಎರಡನೇ ಪರೀಕ್ಷೆ ಆಗಿಲ್ಲ. 'ನೀವೇ ಆಮೇಲೆ ಮಾಡಿಸಿಕೊಳ್ಳಿ' ಎಂದರಂತೆ ಮಾರುವವರು.

ಆಮೇಲೆ ಅಲ್ಲ, ಮೊದಲೇ ಆಗಬೇಕು ಎಂದೆವು. ಸಿಲಿಂಡರ್ ಪರೀಕ್ಷೆಯಲ್ಲಿ ಫೇಲಾದರೆ ಹೊಸದರ ಖರ್ಚು ಯಾರ ಮೇಲೆ ಬೀಳಬೇಕು ಎಂಬುದು ಹಣ ಕೈಬದಲಾಗುವ ಮೊದಲು ತೀರ್ಮಾನವಾಗಬೇಕು. ಮಾರುವವರು ಪರೀಕ್ಷೆಗೆ ಒಪ್ಪಿದರೆ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೊಳ್ಳಬಹುದು. ಒಪ್ಪದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಆ ಗಾಡಿಯಲ್ಲಿ ದಿನವೂ ಸಿಲಿಂಡರ್ ಪಕ್ಕದಲ್ಲೇ ಕೂತು ಓಡಿಸುವವರು ಅವರೇ.

'ನಡೆದಾಡುವ ಬಾಂಬ್' ಎಂಬ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಜಗಳ ಬೇಡ. ಒಂದೇ ಪ್ರಶ್ನೆ ಕೇಳಿ: "ಆ ಸಿಲಿಂಡರ್ ಟೆಸ್ಟ್ ಆಗಿದ್ದು ಯಾವಾಗ?"