ಹುಲಿ ಮುಖದ ರಾಕ್ಷಸ ಮತ್ತು ನನ್ನ ಐವತ್ತು ಡಾಲರ್

ಸಂಘದ ಇ-ಪುಸ್ತಕಕ್ಕೆ ಏನಾದ್ರೂ ಬರ್ಕೊಡಿ ಅಂತ ಗ್ರೂಪ್‌ನಲ್ಲಿ ಮೆಸೇಜ್ ಬಂದಾಗ, "ಮಾನ್‌ಸ್ಟರ್ ಮ್ಯಾನುಯಲ್ ಬಗ್ಗೆ ಬರೀಲಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರಿಂದಲೂ ಉತ್ತರ ಇಲ್ಲ. ಆಮೇಲೆ ಸಂಪಾದಕಿ ಅಕ್ಕ "ಕನ್ನಡದಲ್ಲಿ ತಾನೇ? ಬರಿ" ಅಂದ್ರು. ಅದಕ್ಕೇ ಈ ಲೇಖನ.

ಗೊತ್ತಿಲ್ಲದವರಿಗೆ ಮೊದಲು ಆಟದ ವಿಷಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವುದು ನಾಲ್ಕೈದು ಜನ ಮೇಜಿನ ಸುತ್ತ ಕೂತು, ಮಾತಿನಲ್ಲೇ ಕಥೆ ಕಟ್ಟಿ, ದಾಳ ಉರುಳಿಸಿ ಆಡುವ ಆಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ಗೈಗ್ಯಾಕ್ಸ್ ಇದ್ದದ್ದು ನಾವು ಓದುತ್ತಿರುವ ಇದೇ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ. ಆಟ ನಡೆಸುವವರನ್ನು ಡಂಜನ್ ಮಾಸ್ಟರ್ ಅಂತಾರೆ. ಯಕ್ಷಗಾನದ ಭಾಗವತರ ಹಾಗೆ, ಪ್ರಸಂಗ ಮುಂದೆ ಹೋಗುವುದು ಅವರ ಕೈಯಲ್ಲಿ. ಅವರಿಗೆ ಬೇಕಾದ ಭೂತ, ಪಿಶಾಚಿ, ಡ್ರ್ಯಾಗನ್‌ಗಳ ಪಟ್ಟಿಯೇ ಮಾನ್‌ಸ್ಟರ್ ಮ್ಯಾನುಯಲ್. ಮೊದಲನೆಯದು 1977ರಲ್ಲಿ ಬಂತು. ನನ್ನ ಹತ್ತಿರ ಇರುವುದು 2014ರದ್ದು, ಐದನೇ ಆವೃತ್ತಿಗೆ ಸೇರಿದ್ದು. ಬೆಲೆ ಹತ್ತಿರ ಹತ್ತಿರ 50 ಡಾಲರ್, ಅಂದ್ರೆ ನನ್ನ ಒಂದು ವಾರದ ದಿನಸಿ.

ಆ ದುಡ್ಡಿಗೆ ಪುಸ್ತಕ ತಕ್ಕದ್ದಾ? ಇಂಜಿನಿಯರ್ ಆಗಿ ಹೇಳ್ಬೇಕು ಅಂದ್ರೆ, ಹೌದು. ಒಂದೊಂದು ಜೀವಿಗೂ ಒಂದೊಂದು ಡೇಟಾಶೀಟ್ ಇದೆ: ಎಷ್ಟು ಪೆಟ್ಟು ತಡೆಯುತ್ತೆ, ಎಷ್ಟು ವೇಗ, ಏನು ಮಂತ್ರ, ಎಲ್ಲಿ ವೀಕ್ ಎಲ್ಲವೂ ಒಂದೇ ಕಡೆ. ಜೊತೆಗೆ ಚಾಲೆಂಜ್ ರೇಟಿಂಗ್ ಅಂತ ಒಂದು ಸಂಖ್ಯೆ. ಚೆನ್ನಾಗಿ ವಿಶ್ರಾಂತಿ ಪಡೆದ, ಸರಿಯಾದ ಆಯುಧ ಇರುವ ನಾಲ್ಕು ಜನರ ತಂಡ ಅದೇ ಲೆವೆಲ್‌ನಲ್ಲಿದ್ದರೆ ಯಾರೂ ಸಾಯದೆ ಗೆಲ್ಲಬಹುದು ಅನ್ನುವುದು ಅದರ ಅರ್ಥ. ನೀವು ಕತ್ತಲ ಗುಹೆಯಲ್ಲಿ ಏನನ್ನು ಕೂರಿಸಬೇಕು ಅಂತ ಹತ್ತು ನಿಮಿಷದಲ್ಲಿ ನಿರ್ಧರಿಸಬಹುದು.

ಆದ್ರೆ ಡೇಟಾಶೀಟ್‌ನಲ್ಲಿ "ಟಿಪಿಕಲ್" ಅಂತ ಬರೆದಿರುವ ಸಂಖ್ಯೆಯನ್ನು ನಂಬಿ ಸರ್ಕ್ಯೂಟ್ ಸುಟ್ಟುಕೊಂಡವರಿಗೆ ಮುಂದಿನ ಮಾತು ಬೇಗ ಅರ್ಥ ಆಗುತ್ತೆ. ಕಳೆದ ಚಳಿಗಾಲದಲ್ಲಿ ಮೊದಲ ಸಲ ನಾನೇ ಆಟ ನಡೆಸಿದೆ. ಹದಿಮೂರನೇ ಲೆವೆಲ್‌ನ ನಾಲ್ಕು ಜನ. ಪುಟ ತಿರುವುತ್ತಾ ಹೋದಾಗ "ರಾಕ್ಷಸ" ಸಿಕ್ಕಿತು, ರೇಟಿಂಗ್ 13. ಲೆಕ್ಕ ಸರಿಯಾಗಿದೆ ಅಂದ್ಕೊಂಡೆ. ಊರ ಪಟೇಲನ ವೇಷದಲ್ಲಿ ಅದನ್ನು ಕೂರಿಸಿದೆ. ಅದು ರೂಪ ಬದಲಿಸುತ್ತೆ, ಮನಸ್ಸು ಓದುತ್ತೆ, ಆರನೇ ಮಟ್ಟದವರೆಗಿನ ಮಂತ್ರ ಯಾವುದೂ ಅದಕ್ಕೆ ತಾಗಲ್ಲ. ಎರಡು ಗಂಟೆ ಎಲ್ಲರೂ ಪಟೇಲನ ಮನೆಯಲ್ಲಿ ಕೂತು ಅವನ ಹತ್ತಿರವೇ ಸಲಹೆ ಕೇಳುತ್ತಿದ್ದರು. ಅದ್ಭುತವಾಗಿತ್ತು! ಕೊನೆಗೆ ಯುದ್ಧ ಬಂತು, ಮೂರೇ ಸುತ್ತಿನಲ್ಲಿ ಮುಗಿದುಹೋಯಿತು. ಕಾರಣ ಸರಳ. ಒಂದು ಸುತ್ತಿನಲ್ಲಿ ಅವರಿಗೆ ನಾಲ್ಕು ಸರದಿ, ನನ್ನ ರಾಕ್ಷಸನಿಗೆ ಒಂದು. ದೊಡ್ಡ ಡ್ರ್ಯಾಗನ್‌ಗಳಿಗೆ ಬೇರೆಯವರ ಸರದಿ ಮುಗಿದಾಗಲೂ ಏನಾದರೂ ಮಾಡುವ ಅವಕಾಶ ಕೊಟ್ಟಿದ್ದಾರೆ, ಈ ಬಡಪಾಯಿಗೆ ಕೊಟ್ಟಿಲ್ಲ. ಒಂಟಿ ಶತ್ರು ಇದ್ದಾಗ ಆ ರೇಟಿಂಗ್ ಅಂದಾಜು ಅಷ್ಟೇ ಅಂತ ತಿಳ್ಕೊಳ್ಳಿ.

ಆದ್ರೆ ನನ್ನನ್ನು ಕಾಡಿದ್ದು ಯುದ್ಧ ಅಲ್ಲ. ಚಿತ್ರ ತೋರಿಸಿದೆ: ಹುಲಿಯ ತಲೆ, ರೇಷ್ಮೆ ಬಟ್ಟೆ, ಅಂಗೈ ಹಿಂದುಮುಂದು. ಮೇಜಿನಲ್ಲಿದ್ದ ಗೆಳೆಯನೊಬ್ಬ ನಿಜವಾದ ಕುತೂಹಲದಿಂದ ಕೇಳಿದ: "ನಿಮ್ಮ ಕಡೆ ಕಥೆಗಳಲ್ಲೂ ಇವರು ಹೀಗೇನಾ? ಎಲ್ಲರೂ ಕೆಟ್ಟವರೇನಾ?" ನಾನು ಯೋಚಿಸದೆ "ಹೂಂ" ಅಂದುಬಿಟ್ಟೆ. ಮನೆಗೆ ನಡೆದು ಬರುವಾಗ ಆ "ಹೂಂ" ಚುಚ್ಚತೊಡಗಿತು. ನಾನು ಬೆಳೆದದ್ದು ಉಡುಪಿ ಕಡೆ. ಬಣ್ಣದ ವೇಷದ ಅಬ್ಬರ ಕೇಳಿ ಅಮ್ಮಮ್ಮನ ಸೆರಗಿನ ಹಿಂದೆ ಅಡಗಿದವನು ನಾನು. ಒಬ್ಬನಿಗಾದರೂ ಹುಲಿ ತಲೆ ಇತ್ತಾ?

ಭಾನುವಾರ ಅಮ್ಮಮ್ಮನಿಗೆ ವೀಡಿಯೊ ಕಾಲ್ ಮಾಡಿದಾಗ ಕೇಳಿದೆ. ಅವರು ನಕ್ಕುಬಿಟ್ಟರು. "ಎಂತದಾ ಮಗಾ, ಹಿಡಿಂಬಿ ರಾಕ್ಷಸಿ ಅಲ್ವಾ? ಘಟೋತ್ಕಚ ಯಾರಿಗೋಸ್ಕರ ಸತ್ತ? ವಿಭೀಷಣ ಯಾರ ತಮ್ಮ? ದೀಪಾವಳಿಗೆ ಬಲೀಂದ್ರನ್ನ ಕರೀತಿದ್ದದ್ದು ಮರ್ತೇ ಹೋಯ್ತಾ?" ಬಲಿ ಅಸುರ, ರಾಕ್ಷಸ ಅಲ್ಲ ಅಂತ ವಾದ ಮಾಡಲು ಹೊರಟೆ. ಆದ್ರೆ ಅವರ ಮಾತಿನ ತಿರುಳು ಅದಲ್ಲ ಅಂತ ಗೊತ್ತಾಗಿ ಸುಮ್ಮನಾದೆ.

ಆಮೇಲೆ ಈ ಹುಲಿ ರಾಕ್ಷಸ ಎಲ್ಲಿಂದ ಬಂದ ಅಂತ ಹುಡುಕಿದೆ. ಗೈಗ್ಯಾಕ್ಸ್‌ಗೆ ಪ್ರೇರಣೆ ರಾಮಾಯಣ ಅಲ್ಲ, 'ಕೋಲ್ಚಾಕ್: ದ ನೈಟ್ ಸ್ಟಾಕರ್' ಅನ್ನುವ ಅಮೆರಿಕನ್ ಟಿವಿ ಧಾರಾವಾಹಿಯ 1974ರ ಒಂದು ಕಂತು! ಅದರಲ್ಲಿ ರಾಕ್ಷಸ ನೀವು ನಂಬುವ ವ್ಯಕ್ತಿಯ ರೂಪದಲ್ಲಿ ಬರುತ್ತಾನೆ, ಮಂತ್ರಿಸಿದ ಬಾಣಕ್ಕೆ ಸಾಯುತ್ತಾನೆ. 1977ರ ಪುಸ್ತಕದಲ್ಲೂ ಹಾಗೇ ಇದೆ. 2014ರಲ್ಲಿ ಅದರ ಮೂಲವನ್ನು ಆಟದ ಒಂಬತ್ತು ನರಕಗಳ ದೆವ್ವಗಳಿಗೆ ಗಂಟು ಹಾಕಿದ್ದಾರೆ.

"ನಮ್ಮ ಸಂಸ್ಕೃತಿ ಕೆಡಿಸಿದರು" ಅಂತ ಕೂಗಾಡುವುದು ನನ್ನ ಉದ್ದೇಶ ಅಲ್ಲ. ಗ್ರೀಕರ ಕಥೆಯಲ್ಲಿ ಮೆಡೂಸಾ ಒಬ್ಬಳೇ, ಪುಸ್ತಕದಲ್ಲಿ ಅದು ಒಂದು ಜಾತಿ. ಎಲ್ಲರ ಕಥೆಗೂ ಇದೇ ಗತಿ. ಮುನ್ನುಡಿಯಲ್ಲೇ ಜೀವಿಗಳ ಗುಣವನ್ನು ಬೇಕಾದರೆ ಬದಲಾಯಿಸಿಕೊಳ್ಳಿ ಅಂತಲೂ ಹೇಳಿದ್ದಾರೆ. ನಾಗಗಳ ವಿಷಯದಲ್ಲಿ ಪುಸ್ತಕ ಇನ್ನೂ ನ್ಯಾಯವಾಗಿದೆ: ಕೇಡು ಮಾಡುವ ನಾಗವೂ ಇದೆ, ಪವಿತ್ರ ಜಾಗ ಕಾಯುವ ನಾಗವೂ ಇದೆ. ನಮ್ಮ ನಾಗಬನ ನೋಡಿದವರಿಗೆ ಎರಡನೆಯದು ಅಷ್ಟೇನೂ ಅಪರಿಚಿತ ಅನ್ನಿಸಲ್ಲ. ನನ್ನ ದೂರು ಇಷ್ಟೇ. ರಾಕ್ಷಸನ ಪುಟದಲ್ಲಿ ಅವನನ್ನು ಕೊಲ್ಲುವುದು ಹೇಗೆ ಅಂತ ಇದೆ, ಅವನ ಹತ್ತಿರ ಮಾತಾಡುವುದು ಹೇಗೆ ಅಂತ ಇಲ್ಲ. ತಾಳಮದ್ದಳೆಯಲ್ಲಿ ರಾವಣನ ಅರ್ಥಧಾರಿ ತನ್ನ ಪಕ್ಷವನ್ನು ಪೂರ್ತಿ ವಾದಿಸುತ್ತಾನೆ. ಕೊನೆಗೆ ಅವನು ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಜನ ನಿದ್ದೆಗೆಟ್ಟು ಕೇಳುತ್ತಾರೆ. ನನ್ನ ಆಟದಲ್ಲೂ ಚೆನ್ನಾಗಿದ್ದದ್ದು ಮಾತಿನ ಆ ಎರಡು ಗಂಟೆಯೇ.

ಹಾಗಾಗಿ ನನ್ನ ತೀರ್ಪು: ಆಟ ನಡೆಸುವವರಿಗೆ ಒಳ್ಳೆಯ ಪುಸ್ತಕ, ಆದ್ರೆ ಮೊದಲೇ ದುಡ್ಡು ಹಾಕಬೇಡಿ. ಆಟದ ಮೂಲ ನಿಯಮಗಳ ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ರಾಕ್ಷಸ, ನಾಗ, ಡ್ರ್ಯಾಗನ್ ಎಲ್ಲ ಅದರಲ್ಲಿವೆ. ಅದರಲ್ಲಿ ಕೆಲವು ತಿಂಗಳು ಆಡಿ, ಸಾಕಾಗದಿದ್ದರೆ ಕೊಳ್ಳಿ. ಈಗ ಕೊಳ್ಳುವವರಿಗೆ 2025ರಲ್ಲಿ ಬಂದ ಪರಿಷ್ಕೃತ ಪುಸ್ತಕವೂ ಇದೆ, ಅದರಲ್ಲಿ 500ಕ್ಕೂ ಹೆಚ್ಚು ಜೀವಿಗಳಿವೆ.

ಆ ಪರವಾನಗಿಯ ಪ್ರಕಾರ, ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಬದಲಾಯಿಸಬಹುದು, ಅನುವಾದಿಸಬಹುದು. ಅಂದ್ರೆ ಹಿಡಿಂಬಿಯ ಡೇಟಾಶೀಟ್ ಬರೆಯಲು ಯಾರನ್ನೂ ಕೇಳಬೇಕಿಲ್ಲ. ನಾನು ಶುರು ಮಾಡಿದ್ದೀನಿ. ಅರ್ಧ ಪುಟದಲ್ಲಿ ಸಂಖ್ಯೆಗಳು, ಇನ್ನರ್ಧ ಪುಟದಲ್ಲಿ ಅವಳಿಗೆ ಏನು ಬೇಕು, ಯಾವ ಮಾತಿಗೆ ಬಗ್ಗುತ್ತಾಳೆ, ಯಾವ ಮಾತಿಗೆ ಕೆರಳುತ್ತಾಳೆ. ಮುಂದಿನ ಸೆಮಿಸ್ಟರ್‌ನಲ್ಲಿ ಕನ್ನಡದಲ್ಲೇ ಒಂದು ಆಟ ಇಡೋಣ ಅಂತಿದ್ದೀನಿ. ನಾಲ್ಕು ಜನ ಬೇಕು. ದಾಳ ನನ್ನ ಹತ್ತಿರ ಇದೆ, ಚುರುಮುರಿ ನೀವು ತನ್ನಿ. "ಎಲ್ಲರೂ ಕೆಟ್ಟವರೇನಾ?" ಅಂತ ಕೇಳಿದ ಆ ಗೆಳೆಯನನ್ನೂ ಕರೆದಿದ್ದೀನಿ. ಅವನಿಗೆ ಕನ್ನಡ ಬರಲ್ಲ, ಪಕ್ಕದಲ್ಲಿ ಕೂತು ಅರ್ಥ ಹೇಳೋಕೆ ಒಬ್ಬರು ಬಂದ್ರೆ ಇನ್ನೂ ಒಳ್ಳೇದು. ಅವನಿಗೆ ನಾನೊಂದು ಸರಿಯಾದ ಉತ್ತರ ಕೊಡೋದು ಬಾಕಿ ಇದೆ.