ಯುದ್ಧದ ಗೇಮ್ ಯಾರಿಗೆ ಯಾವುದು? ಆಡುವವರನ್ನು ನೋಡಿ ಆರಿಸಿ

ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾ ಕೋಟೆ, ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ಬೆಟ್ಟ. ನಮ್ಮ ನಾಲ್ಕೂ ತಾಲ್ಲೂಕಿಗೆ ಯುದ್ಧದ ಕಥೆ ಹೊಸದಲ್ಲ. ಈಗ ಯುದ್ಧ ನಡೆಯುತ್ತಿರುವುದು ಅರಳಿಕಟ್ಟೆ ಮೇಲೆ ಕೂತ ಹುಡುಗರ ಫೋನಿನಲ್ಲಿ. ಇದಕ್ಕೆ ಮನೆಯವರ ಉತ್ತರ ಸಾಮಾನ್ಯವಾಗಿ ಎರಡೇ: 'ಆಡ್ಕೊಂಡು ಹಾಳಾಗಿ ಹೋಗು' ಅನ್ನುವುದು, ಇಲ್ಲವೇ ಫೋನ್ ಕಿತ್ತುಕೊಳ್ಳುವುದು.

ಸರ್ಕಾರವೇ ಬ್ಯಾನ್ ಮಾಡಲಿ ಎನ್ನುವವರೂ ಇದ್ದಾರೆ. ಬ್ಯಾನ್ ಆಗಿದ್ದೂ ಉಂಟು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಹೋಯಿತು, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. 2020ರ ಬ್ಯಾನ್‌ಗೆ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ. ನಿಮ್ಮ ಮಗನ ಪರೀಕ್ಷೆಯಾಗಲಿ, ನಿದ್ದೆಯಾಗಲಿ ಆ ಲೆಕ್ಕದಲ್ಲಿ ಇರಲಿಲ್ಲ. ಹಾಗಾಗಿ ಯಾವ ಗೇಮ್ ಯಾರಿಗೆ ಎಂದು ಆರಿಸುವ ಕೆಲಸ ಮನೆಯದ್ದೇ.

ಪ್ರೈಮರಿ ಮಕ್ಕಳಿಗೆ ಬ್ಯಾಟಲ್ ರಾಯಲ್ ಗೇಮ್ ಬೇಡವೇ ಬೇಡ. ಬಂದೂಕು ಒಂದೇ ಕಾರಣವಲ್ಲ. ಹೆಡ್‌ಫೋನಿನಲ್ಲಿ ಮಾತಾಡುವವರು ಯಾರೋ ಅಪರಿಚಿತರು. ಮ್ಯಾಚನ್ನು ನಡುವೆ ನಿಲ್ಲಿಸಲೂ ಆಗುವುದಿಲ್ಲ, ಅದಕ್ಕೇ ಊಟಕ್ಕೆ ಕರೆದರೆ ಜಗಳ. ಯುದ್ಧದ ಆಟವೇ ಬೇಕೆಂದರೆ ಚೆಸ್ ಇದೆ. 'ಬ್ಯಾಟಲ್ ಆಫ್ ಪಾಲಿಟೋಪಿಯಾ' ಇದೆ: ಸರದಿ ಪ್ರಕಾರ ಸೈನ್ಯ ನಡೆಸುವ ಆಟ, ರಕ್ತ ಕಾಣುವುದಿಲ್ಲ, ಕಂಪ್ಯೂಟರ್ ಎದುರು ನೆಟ್ ಇಲ್ಲದೆಯೂ ಆಡಬಹುದು. ಇನ್ನೂ ಚೆಂದ ಬೇಕಾ? ಬಂಡೆ ಮೇಲೆ ಗೆರೆ ಎಳೆದು ಆಡು-ಹುಲಿ ಆಡಿಸಿ. ಹೊಂಚುವುದು, ಮುತ್ತಿಗೆ ಹಾಕುವುದು ಎಲ್ಲ ಅದರಲ್ಲೇ ಇದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗರದ್ದು ಬೇರೆ ಮಾತು. ಅವರಿಗೆ ಬಿಜಿಎಂಐ ಎಂದರೆ ಗೆಳೆಯರ ಗುಂಪು. ಪೂರ್ತಿ ತಡೆದರೆ ಕದ್ದು ಆಡುತ್ತಾರೆ. 18 ವರ್ಷದೊಳಗಿನವರಿಗೆ ಆ ಗೇಮ್‌ನಲ್ಲೇ ದಿನಕ್ಕೆ 3 ಗಂಟೆಯ ಮಿತಿ ಇದೆ, ಆದರೆ ವಯಸ್ಸು ಸುಳ್ಳು ಹಾಕಿದರೆ ಅದು ಕೆಲಸಕ್ಕೆ ಬಾರದು. ನನ್ನ ಕೇಳಿದರೆ 3 ಗಂಟೆಯೇ ಜಾಸ್ತಿ. ಗಂಟೆ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕ ಇಡಿ. ದೊಡ್ಡ ಮ್ಯಾಚ್ ಒಂದಕ್ಕೆ ಸುಮಾರು ಅರ್ಧ ಗಂಟೆ. ದಿನಕ್ಕೆ ಎರಡು ಮ್ಯಾಚ್, ಗೊತ್ತಿರುವ ಗೆಳೆಯರ ಜೊತೆ ಮಾತ್ರ. ಈ ಒಪ್ಪಂದ ಮುರಿಯುವುದು ಕಷ್ಟ, ಪಾಲಿಸುವುದು ಸುಲಭ.

ಮಿಲಿಟರಿ ಸೇರುವ ಆಸೆಯಿಂದ ಆಡುವವರಿಗೆ ಒಂದು ಮಾತು: ಅಗ್ನಿವೀರ್ ಭರ್ತಿಯಲ್ಲಿ ಕೇಳುವುದು 1.6 ಕಿ.ಮೀ. ಓಟ. ಹೆಬ್ಬೆರಳು ಎಷ್ಟು ಓಡಿದರೂ ಅದಕ್ಕೆ ಸೇರುವುದಿಲ್ಲ.

ಡಿಗ್ರಿ ಓದುವವರು, ಕಥೆ ಇಷ್ಟಪಡುವವರು 'ದಿಸ್ ವಾರ್ ಆಫ್ ಮೈನ್' ನೋಡಬೇಕು. ಅದರಲ್ಲಿ ನೀವು ಸೈನಿಕರಲ್ಲ, ಮುತ್ತಿಗೆ ಬಿದ್ದ ಊರಿನ ಸಾಮಾನ್ಯ ಜನ. ಅನ್ನ, ಔಷಧಿ, ಸೌದೆಗೆ ಅಲೆಯಬೇಕು. 1990ರ ದಶಕದ ಸರಯೇವೊ ಮುತ್ತಿಗೆ ಇದಕ್ಕೆ ಪ್ರೇರಣೆ. ಪೋಲೆಂಡ್ ಸರ್ಕಾರ 2020ರಲ್ಲಿ ಇದನ್ನು ಶಾಲೆಯ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಒಂದೇ ಸಲ. 'ಫ್ರೀ' ಎಂದು ಬಂದು ಬಟ್ಟೆಗೂ ಬಂದೂಕಿನ ಬಣ್ಣಕ್ಕೂ ಕಾಸು ಕೇಳುವ ಗೇಮ್‌ಗಿಂತ ಇದು ಅಗ್ಗ.

ಕಾಸಿನ ವಿಷಯದಲ್ಲಿ ಯಾವ ವಯಸ್ಸಿಗೂ ರಿಯಾಯಿತಿ ಬೇಡ. ಹಣ ಕಟ್ಟಿ ಗೆಲ್ಲುವ ಆನ್‌ಲೈನ್ ಗೇಮ್‌ಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಸ್ಕಿನ್, ಡೈಮಂಡ್ ಕೊಳ್ಳುವುದಕ್ಕೆ ಮಾತ್ರ ತಡೆ ಇಲ್ಲ. ಮನೆಯ ಒಂದೇ ಫೋನಿನಲ್ಲಿ ಗೇಮೂ ಫೋನ್‌ಪೇಯೂ ಇದ್ದರೆ ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ.

ಬೇಕು ಅಥವಾ ಬೇಡ ಅನ್ನುವ ಮೊದಲು ಮಗನ ಪಕ್ಕ ಕೂತು ನೀವೂ ಒಂದು ಮ್ಯಾಚ್ ಆಡಿ. ಸೋಲುತ್ತೀರಿ, ಪರವಾಗಿಲ್ಲ. ಆಮೇಲೆ ನೀವು ಹಾಕುವ ನಿಯಮಕ್ಕೆ ಅವನ ಹತ್ತಿರ ಬೆಲೆ ಇರುತ್ತದೆ.